ಸೆವಾನಿ, 1899: ಆ ಆರು ದಿನಗಳೇ ಎಲ್ಲವೂ ಅಲ್ಲ

1899ರಲ್ಲಿ ಅಮೆರಿಕದ ಟೆನೆಸೀ ರಾಜ್ಯದ ಬೆಟ್ಟವೊಂದರ ಮೇಲಿದ್ದ ಪುಟ್ಟ ವಿಶ್ವವಿದ್ಯಾಲಯವೊಂದರ ಫುಟ್‌ಬಾಲ್ ತಂಡ ಹನ್ನೆರಡು ಪಂದ್ಯಗಳನ್ನು ಆಡಿ ಹನ್ನೆರಡನ್ನೂ ಗೆದ್ದಿತು. ಅದು ಗಳಿಸಿದ ಅಂಕಗಳು 322, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು ಕೇವಲ 10. ಹನ್ನೊಂದು ಪಂದ್ಯಗಳಲ್ಲಿ ಎದುರಾಳಿ ತಂಡ ಒಂದು ಅಂಕವನ್ನೂ ಗಳಿಸಲಿಲ್ಲ. ಈ ತಂಡದ ಬಗ್ಗೆ ಬರೆದವರು ಹೆಚ್ಚಾಗಿ ಹೇಳುವುದು ನವೆಂಬರ್ ತಿಂಗಳ ಆರು ದಿನಗಳ ಕಥೆಯನ್ನು: ಸುಮಾರು 2,500 ಮೈಲಿಗಳ ರೈಲು ಪ್ರಯಾಣ, ಐದು ಊರುಗಳಲ್ಲಿ ಐದು ಪಂದ್ಯ, ಐದರಲ್ಲೂ ಗೆಲುವು, ಎದುರಾಳಿಗಳ ಅಂಕ ಐದರಲ್ಲೂ ಸೊನ್ನೆ. ಆ ಕಥೆ ನಿಜ, ಕೇಳಲು ಸೊಗಸಾಗಿಯೂ ಇದೆ. ಆದರೆ ಆ ವರ್ಷದ ಪಂದ್ಯಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದಿದಾಗ, ತಂಡದ ನಿಜವಾದ ಪರೀಕ್ಷೆ ನಡೆದದ್ದು ಆ ಪ್ರವಾಸ ಮುಗಿದ ಎರಡು ವಾರಗಳ ನಂತರ, ಹೆಚ್ಚಿನವರು ಒಂದು ಸಾಲಿನಲ್ಲಿ ದಾಟಿಹೋಗುವ ಕೊನೆಯ ಎರಡು ಪಂದ್ಯಗಳಲ್ಲಿ ಎಂದು ನನಗೆ ಅನಿಸುತ್ತದೆ.

ಈ ವಿಶ್ವವಿದ್ಯಾಲಯದ ಅಧಿಕೃತ ಹೆಸರು ಯೂನಿವರ್ಸಿಟಿ ಆಫ್ ದ ಸೌತ್. ಆದರೆ ಕಂಬರ್ಲೆಂಡ್ ಪ್ರಸ್ಥಭೂಮಿಯ ಮೇಲೆ ಅದು ನೆಲೆಸಿರುವ ಊರಿನ ಹೆಸರಾದ ಸೆವಾನಿಯಿಂದಲೇ ಎಲ್ಲರೂ ಅದನ್ನು ಗುರುತಿಸುತ್ತಾರೆ. ದಕ್ಷಿಣದ ರಾಜ್ಯಗಳ ಎಪಿಸ್ಕೋಪಲ್ ಚರ್ಚಿನ ಬಿಷಪ್ಪರು 1857ರಲ್ಲಿ ಇದನ್ನು ಸ್ಥಾಪಿಸಿದರು. ಅಂತರ್ಯುದ್ಧದಲ್ಲಿ ಎಲ್ಲವೂ ನಿಂತುಹೋಗಿ, 1868ರಲ್ಲಿ ಒಂಬತ್ತೇ ವಿದ್ಯಾರ್ಥಿಗಳೊಂದಿಗೆ ಪಾಠಗಳು ಆರಂಭವಾದವು. 1899ರ ಹೊತ್ತಿಗೂ ಅದು ದೊಡ್ಡ ಸಂಸ್ಥೆಯೇನೂ ಆಗಿರಲಿಲ್ಲ. ಅಲ್ಲಿ ಓದುತ್ತಿದ್ದವರೆಲ್ಲ ಬಿಳಿಯ ಯುವಕರು, ಅವರ ಸಂಖ್ಯೆ ಕೆಲವೇ ನೂರು. ಆದರೂ ಫುಟ್‌ಬಾಲಿಗೆ ಅನುಕೂಲವಾದ ಒಂದು ಸಂಗತಿ ಅಲ್ಲಿತ್ತು. ಬೆಟ್ಟದ ಚಳಿಗಾಲ ಕಠಿಣವಾದ್ದರಿಂದ ಅಲ್ಲಿ ದೀರ್ಘ ರಜೆ ಬರುತ್ತಿದ್ದದ್ದು ಚಳಿಗಾಲದಲ್ಲಿ. ಬೇರೆ ಕಾಲೇಜುಗಳ ಹುಡುಗರು ಮನೆಗೆ ಹೋಗಿರುತ್ತಿದ್ದ ಬೇಸಿಗೆಯಲ್ಲಿ ಸೆವಾನಿಯ ವಿದ್ಯಾರ್ಥಿಗಳು ತರಗತಿಯಲ್ಲಿರುತ್ತಿದ್ದರು, ಅಂದರೆ ಮೈದಾನಕ್ಕೂ ಹತ್ತಿರವಿರುತ್ತಿದ್ದರು. ತಂಡದ ದಮ್ಮಿನ ಬಗ್ಗೆ ಬರೆಯುವವರು ಹುಡುಗರ ಎದೆಗಾರಿಕೆಯನ್ನು ಹೊಗಳುವಷ್ಟು ಈ ಶೈಕ್ಷಣಿಕ ವೇಳಾಪಟ್ಟಿಯನ್ನು ಗಮನಿಸುವುದಿಲ್ಲ ಎಂಬುದು ನನ್ನ ಸಣ್ಣ ತಕರಾರು.

ಆಗಿನ ಆಟದ ಸ್ವರೂಪ ತಿಳಿಯದೆ ಈ ಅಂಕಿಗಳ ತೂಕ ಗೊತ್ತಾಗುವುದಿಲ್ಲ. ಇದು ಅಮೆರಿಕನ್ ಫುಟ್‌ಬಾಲ್ ಎಂದು ಬೇರೆ ಹೇಳಬೇಕಾಗಿಲ್ಲವಾದರೂ, ಇಂದು ದೂರದರ್ಶನದಲ್ಲಿ ಕಾಣುವ ಅಮೆರಿಕನ್ ಫುಟ್‌ಬಾಲ್ ಕೂಡ ಇದಲ್ಲ. ಚೆಂಡನ್ನು ಮುಂದಕ್ಕೆ ಎಸೆದು ಪಾಸ್ ಕೊಡಲು ನಿಯಮ ಅವಕಾಶ ಕೊಟ್ಟದ್ದು 1906ರಲ್ಲಿ. ಅಲ್ಲಿಯವರೆಗೆ ಚೆಂಡನ್ನು ಹಿಡಿದು ಓಡಬೇಕು, ಒದೆಯಬೇಕು, ಇಲ್ಲವೇ ಪಕ್ಕಕ್ಕೋ ಹಿಂದಕ್ಕೋ ಕೊಡಬೇಕು. ಮೂರು ಪ್ರಯತ್ನಗಳಲ್ಲಿ ಐದು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಆದ್ದರಿಂದ ಹನ್ನೊಂದು ಜನ ಒಟ್ಟಾಗಿ ನುಗ್ಗಿ, ಚೆಂಡು ಹಿಡಿದವನನ್ನು ತಳ್ಳಿ, ಎಳೆದು ಎರಡು ಗಜ ಸಂಪಾದಿಸುವುದೇ ಆಟದ ಬಹುಭಾಗವಾಗಿತ್ತು. ಚೆಂಡನ್ನು ಎದುರಾಳಿಯ ಕೊನೆಯ ಗೆರೆಯ ಆಚೆಗೆ ಒಯ್ಯುವ ಟಚ್‌ಡೌನಿಗೆ ಐದು ಅಂಕ, ಅದರ ನಂತರದ ಗೋಲಿನ ಒದೆತಕ್ಕೆ ಒಂದು, ಆಟದ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲಿಗೂ ಐದೇ. ಮೈದಾನದ ಉದ್ದ 110 ಗಜ, ಆಟದ ಒಂದೊಂದು ಅರ್ಧ 35 ನಿಮಿಷ. ಹೆಲ್ಮೆಟ್ ಕಡ್ಡಾಯವಿರಲಿಲ್ಲ; ಹಲವರು ತಲೆಗೆ ರಕ್ಷಣೆಯೆಂದು ಕೂದಲನ್ನೇ ಉದ್ದವಾಗಿ ಬೆಳೆಸುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೆ ಹೊರಗೆ ಹೋದ ಆಟಗಾರ ಆ ಪಂದ್ಯದಲ್ಲಿ ಮತ್ತೆ ಒಳಗೆ ಬರುವಂತಿರಲಿಲ್ಲ. ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು ಗುಂಪು ಎಂಬ ಇಂದಿನ ವಿಭಾಗ ಯಾರ ಕಲ್ಪನೆಯಲ್ಲೂ ಇರಲಿಲ್ಲ. ಮೂಳೆ ಮುರಿಯದ ಹೊರತು ಮೈದಾನ ಬಿಡುವುದು ಅವಮಾನವೆಂದು ಎಣಿಸುತ್ತಿದ್ದ ಕಾಲ ಅದು.

ಆ ಪ್ರವಾಸದ ಬೇರು ಇರುವುದು ಕ್ರೀಡೆಯಲ್ಲಲ್ಲ, ಹಣದಲ್ಲಿ. ಸೆವಾನಿಗೆ ಪ್ರತಿವರ್ಷ ಒಳ್ಳೆಯ ಟಿಕೆಟ್ ಹಣ ತರುತ್ತಿದ್ದದ್ದು ನ್ಯಾಶ್ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿರುದ್ಧದ ಪಂದ್ಯ. ಆ ಹಣ ಹಂಚಿಕೊಳ್ಳುವ ವಿಚಾರದಲ್ಲಿ ಎರಡೂ ಕಡೆಯವರಿಗೆ ಜಗಳವಾಗಿ 1899ರಲ್ಲಿ ಆ ಪಂದ್ಯ ನಡೆಯಲೇ ಇಲ್ಲ. ಖಾಲಿಯಾಗಲಿದ್ದ ಖಜಾನೆಯನ್ನು ತುಂಬುವ ಹೊಣೆ ತಂಡದ ವ್ಯವಸ್ಥಾಪಕನಾಗಿದ್ದ ಲ್ಯೂಕ್ ಲೀಯ ಮೇಲೆ ಬಿತ್ತು. ಅವನಿಗಾಗ ವಯಸ್ಸು ಇಪ್ಪತ್ತು. ದೂರದ ಊರಿಗೆ ಒಂದು ಪಂದ್ಯಕ್ಕಾಗಿ ಹೋದರೆ ರೈಲಿನ ಖರ್ಚೇ ಗಳಿಕೆಯನ್ನು ನುಂಗುತ್ತದೆ. ಒಂದೇ ಪ್ರಯಾಣದಲ್ಲಿ ಐದು ಪಂದ್ಯ ಪೋಣಿಸಿದರೆ ಲೆಕ್ಕ ಸರಿಹೋಗುತ್ತದೆ. ಊಟ ಮತ್ತು ವಸತಿಯ ಖರ್ಚು ತಗ್ಗಬೇಕಾದರೆ ರಾತ್ರಿಗಳು ರೈಲಿನಲ್ಲೇ ಕಳೆಯಬೇಕು. ಹೀಗೆ ನೋಡಿದಾಗ ಆರು ದಿನಗಳಲ್ಲಿ ಐದು ಪಂದ್ಯ ಎಂಬುದು ಸಾಹಸದ ಹಂಬಲದಿಂದ ಹುಟ್ಟಿದ ಯೋಜನೆಯಾಗಿ ಕಾಣುವುದಿಲ್ಲ, ಜಮಾ ಖರ್ಚಿನ ಪುಸ್ತಕ ಮತ್ತು ರೈಲ್ವೆ ವೇಳಾಪಟ್ಟಿಯನ್ನು ಪಕ್ಕಪಕ್ಕ ಇಟ್ಟುಕೊಂಡು ಒಬ್ಬ ಚುರುಕು ಹುಡುಗ ಹೆಣೆದ ಏರ್ಪಾಡಾಗಿ ಕಾಣುತ್ತದೆ.

ಲೀಯ ಬಗ್ಗೆ ಇಲ್ಲಿ ಸ್ವಲ್ಪ ದಾರಿ ತಪ್ಪಿ ಹೇಳಬೇಕು, ಏಕೆಂದರೆ ಆ ಮನುಷ್ಯನ ಮುಂದಿನ ಬದುಕನ್ನು ನೋಡಿದರೆ ಈ ಪ್ರವಾಸ ಅವನ ಸ್ವಭಾವಕ್ಕೆ ಎಷ್ಟು ಒಪ್ಪುತ್ತಿತ್ತು ಎಂದು ಗೊತ್ತಾಗುತ್ತದೆ. ಅವನು 1907ರಲ್ಲಿ ನ್ಯಾಶ್ವಿಲ್ಲಿನಲ್ಲಿ ದಿನಪತ್ರಿಕೆಯೊಂದನ್ನು ಸ್ಥಾಪಿಸಿದ, 1911ರಿಂದ 1917ರವರೆಗೆ ಟೆನೆಸೀಯಿಂದ ಅಮೆರಿಕದ ಸೆನೆಟ್ ಸದಸ್ಯನಾಗಿದ್ದ, ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳವೊಂದರ ಕರ್ನಲ್ ಆದ. ಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ತನ್ನ ಕೆಲವು ಸಂಗಡಿಗರನ್ನು ಕಟ್ಟಿಕೊಂಡು ನೆದರ್ಲೆಂಡ್ಸಿನ ಆಮೆರೋಂಗೆನ್ ಕೋಟೆಗೆ ಹೋಗಿ, ಅಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಪದಚ್ಯುತ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನನ್ನು ವಿಚಾರಣೆಗೆ ಎತ್ತಿಕೊಂಡು ಬರಲು ನೋಡಿದ. ಚಕ್ರವರ್ತಿ ಅವರ ಎದುರಿಗೇ ಬರಲಿಲ್ಲ. ತಂಡದ ಕೈಗೆ ಸಿಕ್ಕಿದ್ದು ಕೋಟೆಯ ಒಂದು ಬೂದಿ ಬಟ್ಟಲು ಮಾತ್ರ, ನಂತರ ಸೇನೆಯಿಂದ ಛೀಮಾರಿ. 1930ರ ದಶಕದಲ್ಲಿ ಬ್ಯಾಂಕ್ ವ್ಯವಹಾರದ ಅಪರಾಧಕ್ಕಾಗಿ ಜೈಲಿಗೂ ಹೋದ, ಕೊನೆಗೆ ಕ್ಷಮಾದಾನ ಪಡೆದ. ಅಂಥವನು ಇಪ್ಪತ್ತನೆಯ ವಯಸ್ಸಿನಲ್ಲಿ ಟೆಕ್ಸಸ್‌ನಿಂದ ಮೆಂಫಿಸ್‌ವರೆಗೆ ಐದು ಪಂದ್ಯಗಳನ್ನು ಸಾಲಾಗಿ ನಿಗದಿ ಮಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ತಂಡದ ತರಬೇತುದಾರ ಪ್ರಿನ್ಸ್‌ಟನ್ನಿನಲ್ಲಿ ಆಡಿ ಬಂದಿದ್ದ ಬಿಲ್ಲಿ ಸೂಟರ್. ನಾಯಕ ಹೆನ್ರಿ ಸೀಬಲ್ಸ್, ಎಲ್ಲರ ಬಾಯಲ್ಲಿ ‘ಡಿಡ್ಡಿ’, ಚೆಂಡು ಹಿಡಿದು ಓಡುವುದರಲ್ಲಿ ತಂಡದ ಮುಖ್ಯ ಅಸ್ತ್ರ; 1973ರಲ್ಲಿ ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್‌ಗೆ ಅವನ ಹೆಸರು ಸೇರಿತು. ದಿನವೂ ಜಜ್ಜಿಹೋಗುತ್ತಿದ್ದ ಆಟಗಾರರ ಮೈಕೈ ತಿಕ್ಕಿ ಮರುದಿನಕ್ಕೆ ಸಜ್ಜು ಮಾಡುತ್ತಿದ್ದವನು ಕ್ಯಾಲ್ ಬರೋಸ್ ಎಂಬ ಕರಿಯ ಸಹಾಯಕ. ಆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿ ಕಾಲಿಡುವ ಹಕ್ಕೇ ಇಲ್ಲದಿದ್ದ ಈ ವ್ಯಕ್ತಿಯ ಕೈಗುಣವಿಲ್ಲದೆ ಆ ಆರು ದಿನಗಳು ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು ಗೆಲುವಿನ ಹಳೆಯ ವರ್ಣನೆಗಳು ಒಂದು ವಾಕ್ಯದಲ್ಲಿ ಮುಗಿಸುತ್ತವೆ, ಅದೂ ಹೇಳಿದರೆ.

ಆಟದ ಋತು ಆರಂಭವಾದದ್ದು ಅಕ್ಟೋಬರ್ 21ರಂದು, ಅಟ್ಲಾಂಟಾದಲ್ಲಿ. ಅಂದು ಜಾರ್ಜಿಯಾ ವಿರುದ್ಧ 12-0. ನಡುವೆ ಭಾನುವಾರ ಬಿಟ್ಟು, 23ರಂದು ಅಲ್ಲಿಯೇ ಜಾರ್ಜಿಯಾ ಟೆಕ್ ವಿರುದ್ಧ 32-0. ಮೂರು ದಿನಗಳಲ್ಲಿ ಎರಡು ಪಂದ್ಯ ಆಡುವ ಪದ್ಧತಿ ಲೀಗೆ ಆಗಲೇ ರೂಢಿಯಾಗಿತ್ತು ಎಂಬುದನ್ನು ಗಮನಿಸಬೇಕು. ನಂತರ ಟೆನೆಸೀ ವಿಶ್ವವಿದ್ಯಾಲಯದ ಮೇಲೆ 46-0, ಸೌತ್‌ವೆಸ್ಟರ್ನ್ ಪ್ರೆಸ್ಬಿಟೇರಿಯನ್ ಮೇಲೆ 54-0. ಈ ನಾಲ್ಕು ಗೆಲುವುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ನವೆಂಬರ್ ಎರಡನೆಯ ವಾರ ತಂಡ ಮಲಗುವ ಬೋಗಿಯೊಂದರಲ್ಲಿ ಟೆಕ್ಸಸ್ ಕಡೆಗೆ ಹೊರಟಿತು. ಸುಮಾರು ಇಪ್ಪತ್ತು ಆಟಗಾರರು. ಅವರಲ್ಲಿ ಹೆಚ್ಚಿನ ಭಾರ ಹೊತ್ತವರು ಅದಕ್ಕಿಂತ ಕಡಿಮೆ. ಬೇರೆ ಊರಿನ ನೀರು ಕುಡಿದು ಹೊಟ್ಟೆ ಕೆಡಬಾರದೆಂದು ಬೆಟ್ಟದ ಒರತೆಯ ನೀರನ್ನು ಪೀಪಾಯಿಗಳಲ್ಲಿ ತುಂಬಿ ಜೊತೆಗೆ ಒಯ್ದರಂತೆ. ಆಟದ ಬೂಟುಗಳನ್ನು ನಿಲ್ದಾಣದಲ್ಲೇ ಮರೆತು, ಲೀ ದಾರಿಯಲ್ಲಿ ತಂತಿ ಕಳುಹಿಸಿ ತರಿಸಿಕೊಂಡನೆಂಬ ಕಥೆಯೂ ಇದೆ. ನೀರಿನ ಕಥೆಯನ್ನು ನಾನು ಸಂಪೂರ್ಣ ನಂಬುತ್ತೇನೆ; ಬೂಟುಗಳದ್ದು ಪ್ರತಿ ಬಾರಿ ಹೇಳುವಾಗಲೂ ಸ್ವಲ್ಪ ಸ್ವಲ್ಪ ಬೆಳೆದ ಕಥೆಯಂತೆ ತೋರುತ್ತದೆ.

ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ವಿರುದ್ಧ 12-0. ಪ್ರವಾಸದ ಪಂದ್ಯಗಳಲ್ಲಿ ಅತ್ಯಂತ ಮಹತ್ವದ್ದು ಇದು, ಏಕೆಂದರೆ ಎರಡು ದಿನ ರೈಲಿನಲ್ಲಿ ಕುಳಿತು ಮೈ ಹಿಡಿದುಕೊಂಡಿದ್ದ ತಂಡ ಬಲವಾದ ಎದುರಾಳಿಯನ್ನು ಅವರದೇ ಊರಿನಲ್ಲಿ ಎದುರಿಸಬೇಕಾಗಿತ್ತು. ಸೀಬಲ್ಸ್ ತಲೆಗೆ ಗಾಯವಾಗಿಯೂ ಆಟ ಬಿಡಲಿಲ್ಲ. ಮರುದಿನ ಶುಕ್ರವಾರ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ವಿರುದ್ಧ 10-0, ಪ್ರವಾಸದ ಅತಿ ಕಡಿಮೆ ಅಂಕಗಳ ಗೆಲುವು. ದಣಿವು ಅಂಕಪಟ್ಟಿಯಲ್ಲಿ ಕಾಣಿಸಿಕೊಂಡ ಮೊದಲ ದಿನ ಬಹುಶಃ ಅದೇ. ಆ ರಾತ್ರಿಯ ರೈಲು ಅವರನ್ನು ನ್ಯೂ ಆರ್ಲಿಯನ್ಸ್‌ಗೆ ತಂದಿತು. ಶನಿವಾರ ಟುಲೇನ್ ವಿರುದ್ಧ 23-0. ಟುಲೇನ್ ಆ ವರ್ಷ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಸೋಮವಾರ 13ರಂದು ಬ್ಯಾಟನ್ ರೂಜ್‌ನಲ್ಲಿ ಲೂಯಿಸಿಯಾನ ರಾಜ್ಯ ವಿಶ್ವವಿದ್ಯಾಲಯದ ವಿರುದ್ಧ 34-0, ಮಂಗಳವಾರ 14ರಂದು ಮೆಂಫಿಸ್‌ನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವಿರುದ್ಧ 12-0. ಒಟ್ಟು 91 ಅಂಕ, ಎದುರಾಳಿಗಳದ್ದು ಸೊನ್ನೆ.

‘ಏಳನೆಯ ದಿನ ಅವರು ವಿಶ್ರಮಿಸಿದರು’ ಎಂಬ ಬೈಬಲ್ ಧಾಟಿಯ ಮಾತು ಈ ತಂಡಕ್ಕೆ ಅಂಟಿಕೊಂಡು ಬಂದಿದೆ. ಪಂಚಾಂಗ ತೆರೆದು ನೋಡಿದರೆ ಅವರು ವಿಶ್ರಮಿಸಿದ್ದು ನಾಲ್ಕನೆಯ ದಿನ, ನವೆಂಬರ್ 12ರ ಭಾನುವಾರ. ಎಪಿಸ್ಕೋಪಲ್ ಚರ್ಚಿನ ಕಾಲೇಜು ಭಾನುವಾರ ಆಡುವ ಪ್ರಶ್ನೆಯೇ ಇರಲಿಲ್ಲ. ಆ ಬಿಡುವು ಮಧ್ಯದಲ್ಲಿ ಸಿಗದಿದ್ದರೆ ಬ್ಯಾಟನ್ ರೂಜ್‌ನ 34 ಅಂಕಗಳು ಬರುತ್ತಿದ್ದವೇ ಎಂಬುದು ನನ್ನ ಅನುಮಾನ. ಮೊದಲ ಮೂರು ದಿನಗಳ ಮೂರು ಪಂದ್ಯಗಳೇ ಪ್ರವಾಸದ ಗಟ್ಟಿ ಭಾಗ. ಭಾನುವಾರದ ನಂತರದ್ದು ಅದರ ಮುಂದುವರಿಕೆ.

ಇಷ್ಟಾಗಿಯೂ ಈ ಸಾಧನೆಯನ್ನು ಅಳೆಯುವಾಗ ಒಂದು ಎಚ್ಚರ ಬೇಕು. 1899ರಲ್ಲಿ ದಕ್ಷಿಣದ ಕಾಲೇಜುಗಳಿಗೆ ಫುಟ್‌ಬಾಲ್ ಇನ್ನೂ ಹೊಸದು. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ ಮೊದಲ ಅಂತರ್‌ಕಾಲೇಜು ಪಂದ್ಯ ನಡೆದದ್ದು 1869ರಲ್ಲಿ. ಆಟ ಬೆಳೆದದ್ದು ಯೇಲ್, ಹಾರ್ವರ್ಡ್, ಪ್ರಿನ್ಸ್‌ಟನ್ ಇವುಗಳ ಅಂಗಳದಲ್ಲಿ. ಸೆವಾನಿ ಮೊದಲ ಪಂದ್ಯ ಆಡಿದ್ದು 1891ರಲ್ಲಿ, ದಕ್ಷಿಣದ ಕಾಲೇಜುಗಳ ಕ್ರೀಡಾ ಸಂಘ ಹುಟ್ಟಿದ್ದು 1894ರಲ್ಲಿ. ಅನುಭವಿ ತರಬೇತುದಾರನಿರುವ ತಂಡಕ್ಕೂ ಇಲ್ಲದ ತಂಡಕ್ಕೂ ಅಂತರ ಅಗಾಧವಾಗಿರುತ್ತಿತ್ತು. 46, 54, 71ರಂಥ ಅಂಕಗಳು ಆ ಅಂತರದ ಫಲ. ಪ್ರವಾಸ ಮುಗಿಸಿ ಬೆಟ್ಟಕ್ಕೆ ಮರಳಿದ ಸೆವಾನಿ ನವೆಂಬರ್ 20ರಂದು ಕಂಬರ್ಲೆಂಡ್ ತಂಡವನ್ನು 71-0ರಿಂದ ಸೋಲಿಸಿದಾಗ ಅದರಿಂದ ಸೆವಾನಿಯ ಬಗ್ಗೆ ಹೊಸದೇನೂ ತಿಳಿಯಲಿಲ್ಲ.

ತಿಳಿದದ್ದು ನವೆಂಬರ್ 30ರಂದು, ಅಲಬಾಮಾದ ಮಾಂಟ್‌ಗಮರಿಯಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಗುರುವಾರ, ಎದುರಾಳಿ ಆಬರ್ನ್, ಅದರ ತರಬೇತುದಾರ ಜಾನ್ ಹೈಸ್‌ಮನ್. ಇಂದು ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಟ್ರೋಫಿ ಇದೇ ಹೈಸ್‌ಮನ್ ಹೆಸರಿನದು. ಅವನ ಆ ವರ್ಷದ ತಂಡ ಗಾತ್ರಕ್ಕಿಂತ ವೇಗವನ್ನು ನಂಬಿತ್ತು: ಒಂದು ಪ್ರಯತ್ನ ಮುಗಿದು ಎದುರಾಳಿಗಳು ಎದ್ದು ನಿಲ್ಲುವಷ್ಟರಲ್ಲಿ ಮುಂದಿನದನ್ನು ಆರಂಭಿಸಿಬಿಡುವುದು. ಹತ್ತು ದಿನಗಳ ಹಿಂದಷ್ಟೇ 71 ಅಂಕ ಗಳಿಸಿದ್ದ ಸೆವಾನಿಗೆ ಇಂಥ ಒತ್ತಡದ ಅನುಭವ ಅಲ್ಲಿಯವರೆಗೆ ಆಗಿರಲಿಲ್ಲ. ಆಬರ್ನ್ ಹತ್ತು ಅಂಕ ಗಳಿಸಿತು. ಆ ವರ್ಷ ಸೆವಾನಿಯ ವಿರುದ್ಧ ಯಾರಾದರೂ ಗಳಿಸಿದ ಅಂಕಗಳೆಂದರೆ ಅವಿಷ್ಟೇ. ಸೆವಾನಿ ಗೆದ್ದದ್ದು 11-10ರಿಂದ.

ಐದು ಅಂಕದ ಟಚ್‌ಡೌನ್, ಒಂದು ಅಂಕದ ಒದೆತ ಎಂಬ ಆಗಿನ ಲೆಕ್ಕದಲ್ಲಿ ಈ ಒಂದು ಅಂಕದ ಅಂತರ ಎಷ್ಟು ತೆಳುವಾದದ್ದು ಎಂದು ವಿವರಿಸಬೇಕಾಗಿಲ್ಲ. ಪಂದ್ಯದ ನಂತರ ಹೈಸ್‌ಮನ್ ಸುಮ್ಮನೆ ಕೂರಲಿಲ್ಲ. ಅಂಪೈರನ ತೀರ್ಪುಗಳು ತನ್ನ ತಂಡಕ್ಕೆ ಅನ್ಯಾಯ ಮಾಡಿದವೆಂದು ಪತ್ರಿಕೆಗೆ ಪತ್ರ ಬರೆದ, ಅಂಪೈರ್ ಅದಕ್ಕೆ ಉತ್ತರಿಸಿದ, ವಾದ ಪತ್ರಿಕೆಯ ಪುಟಗಳಲ್ಲೇ ಬೆಳೆಯಿತು. ಸೋತ ತರಬೇತುದಾರನ ಮಾತನ್ನು ಅರ್ಧಕ್ಕೆ ಇಳಿಸಿಯೇ ಕೇಳಬೇಕು ನಿಜ. ಆದರೆ ಆಬರ್ನಿನ ಉಳಿದ ಅಂಕಿಗಳನ್ನು ನೋಡಿದರೆ ಅವನ ಸಂಕಟ ಅರ್ಥವಾಗುತ್ತದೆ. ಆಬರ್ನ್ ಆ ವರ್ಷ ಜಾರ್ಜಿಯಾ ಟೆಕ್ ಮೇಲೆ 63-0, ಕ್ಲೆಮ್ಸನ್ ಮೇಲೆ 34-0 ಗೆದ್ದಿತ್ತು, ಜಾರ್ಜಿಯಾದೊಂದಿಗೆ ಸೊನ್ನೆ ಸಮ ಮಾಡಿಕೊಂಡಿತ್ತು. ಸೆವಾನಿಯ ಹೊರತು ಬೇರೆ ಯಾವ ತಂಡವೂ ಅದರ ವಿರುದ್ಧ ಒಂದು ಅಂಕವನ್ನೂ ಗಳಿಸಿರಲಿಲ್ಲ. ಅಂದರೆ ಇಡೀ ವರ್ಷ ಎದುರಾಳಿಗೆ ಅಂಕವನ್ನೇ ಕೊಡದ ಎರಡು ತಂಡಗಳು ಪರಸ್ಪರ ಎದುರಾದಾಗ ಮಾತ್ರ ಇಬ್ಬರ ಗೋಡೆಯೂ ಬಿರುಕುಬಿಟ್ಟಿತು. ಐದು ಊರುಗಳ ಪ್ರವಾಸದಲ್ಲಿ ಇಂಥ ಒಂದು ಪಂದ್ಯವೂ ಇರಲಿಲ್ಲ.

ಇದಾದ ಎರಡೇ ದಿನಕ್ಕೆ, ಡಿಸೆಂಬರ್ 2ರ ಶನಿವಾರ, ತಂಡ ಅಟ್ಲಾಂಟಾದಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ವಿರುದ್ಧ ಇಳಿಯಬೇಕಾಗಿತ್ತು. ದಕ್ಷಿಣದ ಅಗ್ರಸ್ಥಾನ ಯಾರದು ಎಂಬ ಪ್ರಶ್ನೆಯೂ ಆ ಪಂದ್ಯದ ಮೇಲೆಯೇ ನಿಂತಿತ್ತು. ಫಲಿತಾಂಶ 5-0. ಇಡೀ ಪಂದ್ಯದಲ್ಲಿ ಒಂದೇ ಬಾರಿ ಐದು ಅಂಕ, ಉಳಿದ ಸಮಯವೆಲ್ಲ ಅದನ್ನು ಕಾಪಾಡಿಕೊಳ್ಳುವ ಹೋರಾಟ. ಹನ್ನೆರಡು ಪಂದ್ಯಗಳಲ್ಲಿ ಸೆವಾನಿ ಗಳಿಸಿದ ಅತಿ ಕಡಿಮೆ ಅಂಕ ಇದು. ಆರು ವಾರಗಳಲ್ಲಿ ಹನ್ನೆರಡನೆಯ ಬಾರಿ, ಹೆಚ್ಚುಕಡಿಮೆ ಅದೇ ಹನ್ನೊಂದು ಹನ್ನೆರಡು ಹುಡುಗರು, ಆಬರ್ನ್ ಕೊಟ್ಟ ಪೆಟ್ಟುಗಳು ಮಾಯುವ ಮುನ್ನ.

ಸೆವಾನಿಯ ಫುಟ್‌ಬಾಲ್ ಮುಂದೆ ಈ ಎತ್ತರದಲ್ಲಿ ಉಳಿಯಲಿಲ್ಲ. 1932ರ ಕೊನೆಯಲ್ಲಿ ದಕ್ಷಿಣದ ಹದಿಮೂರು ವಿಶ್ವವಿದ್ಯಾಲಯಗಳು ಸೇರಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಎಂಬ ಒಕ್ಕೂಟ ಕಟ್ಟಿದಾಗ ಸೆವಾನಿಯೂ ಸ್ಥಾಪಕ ಸದಸ್ಯನಾಗಿತ್ತು. ಆದರೆ 1940ರಲ್ಲಿ ಹೊರಬರುವವರೆಗೆ ಒಕ್ಕೂಟದ ಒಂದು ಪಂದ್ಯವನ್ನೂ ಅದು ಗೆಲ್ಲಲಿಲ್ಲ. ಅಲೆಕ್ಸಾಂಡರ್ ಗೆರಿ ಕುಲಪತಿಯಾಗಿ ಬಂದ ಮೇಲೆ ಆಟಗಾರರಿಗೆ ಹಣ ಕೊಟ್ಟು ಕರೆತರುವ ಸ್ಪರ್ಧೆಯಿಂದ ಸಂಸ್ಥೆ ದೂರ ಸರಿಯಿತು. ಈಗಲೂ ಅದು ಆಡುವುದು ಕ್ರೀಡಾ ವಿದ್ಯಾರ್ಥಿವೇತನವಿಲ್ಲದ ಮೂರನೆಯ ಹಂತದಲ್ಲಿ. ಪ್ರವಾಸದಲ್ಲಿ ಅದರೆದುರು ಸೊನ್ನೆಗೆ ನಿಂತ ಟೆಕ್ಸಸ್, ಟೆಕ್ಸಸ್ ಎ ಅಂಡ್ ಎಂ, ಲೂಯಿಸಿಯಾನ, ಮಿಸಿಸಿಪಿ ಇವೆಲ್ಲ ಇಂದು ಆ ಒಕ್ಕೂಟದ ದೈತ್ಯರು. ಇದನ್ನು ದುರಂತವೆಂದು ಬಣ್ಣಿಸುವ ಲೇಖನಗಳನ್ನು ಓದಿದ್ದೇನೆ, ಒಪ್ಪುವುದಿಲ್ಲ. ಕೆಲವೇ ನೂರು ವಿದ್ಯಾರ್ಥಿಗಳ ಕಾಲೇಜು ರಾಜ್ಯ ವಿಶ್ವವಿದ್ಯಾಲಯಗಳೊಂದಿಗೆ ಸರಿಸಮ ನಿಂತದ್ದೇ ಒಂದು ತಾತ್ಕಾಲಿಕ ಸಂದರ್ಭ, ಆಟಕ್ಕೆ ಹಣ ಹರಿದುಬರುವವರೆಗೆ ಮಾತ್ರ ಉಳಿಯಬಹುದಾದದ್ದು.

ಸಾರ್ವಕಾಲಿಕ ಶ್ರೇಷ್ಠ ತಂಡಗಳ ಪಟ್ಟಿಯಲ್ಲಿ 1899ರ ಸೆವಾನಿಯನ್ನು ಎಲ್ಲಿ ಇಡಬೇಕೆಂದು ವಾದಿಸುವವರ ಗುಂಪಿಗೆ ನಾನು ಸೇರಿಲ್ಲ. ಪಾಸ್ ಇಲ್ಲದ, ಐದು ಗಜದ ಆ ಆಟವನ್ನು ಇಂದಿನದರೊಂದಿಗೆ ಹೋಲಿಸುವ ಅಳತೆಗೋಲು ಯಾರ ಬಳಿಯೂ ಇಲ್ಲ. ಆ ವರ್ಷದ ದಕ್ಷಿಣದ ಮಟ್ಟಿಗೆ ಮಾತ್ರ ಪ್ರಶ್ನೆ ಕೇಳಬಹುದು, ಅಲ್ಲಿ ಸೆವಾನಿಯ ಜೊತೆ ತೂಗಬಲ್ಲದ್ದು ಆಬರ್ನ್ ಒಂದೇ. ಎರಡೂ ತಂಡಗಳು ಬೇರೊಂದು ದಿನ, ಬೇರೊಬ್ಬ ಅಂಪೈರನ ಮುಂದೆ ಮತ್ತೊಮ್ಮೆ ಆಡಿದ್ದರೆ ಆಬರ್ನ್ ಗೆಲ್ಲುತ್ತಿತ್ತೆಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಆಬರ್ನ್ ಇಡೀ ವರ್ಷದಲ್ಲಿ ಆಡಿದ್ದು ಐದು ಪಂದ್ಯ. ಸೆವಾನಿಗೆ ಅದು ಹನ್ನೊಂದನೆಯದು, ಮತ್ತು ಶನಿವಾರ ಇನ್ನೊಂದು ಬಾಕಿಯಿತ್ತು.